ಅಟ್ಟದ ಅಡಿಕೆಯಿಂದ ಊರಿಗೊಂದು ಸ್ಕೇಟಿಂಗ್ ಅಂಗಳ

ನಮ್ಮೂರ ಸ್ಕೇಟಿಂಗ್ ಅಂಗಳಕ್ಕೆ ಹಣ ಕೂಡಿಸಿದ್ದು ಹೇಗೆಂದು ಈಚೆಗೆ ಎರಡು ಊರಿನ ಸಮಿತಿಯವರು ಬಂದು ಕೇಳಿಕೊಂಡು ಹೋದರು. ದೇಣಿಗೆಯನ್ನು ರೂಪಾಯಿಯಲ್ಲಲ್ಲ, ಅಡಿಕೆಯ ತೂಕದಲ್ಲಿ ಪಡೆಯುವ ಇದೇ ಉಪಾಯವನ್ನು ನಾನು ಮೊದಲು ಹೇಳಿದ ದಿನ ನಮ್ಮ ಸಮಿತಿಯ ಹನ್ನೊಂದು ಜನರಲ್ಲಿ ಒಂಬತ್ತು ಮಂದಿ ನಕ್ಕಿದ್ದರು. ಅದಕ್ಕೇ ಬರೆಯಲು ಕುಳಿತೆ. ರಸೀದಿ ಪುಸ್ತಕ ಅಚ್ಚು ಹಾಕಿಸುವುದು, ಠರಾವು ಬರೆಯುವುದೆಲ್ಲ ನಿಮಗೆ ಗೊತ್ತಿರುವಂಥದ್ದೇ; ಬಿಡುತ್ತೇನೆ.

ಮಾತು ಹುಟ್ಟಿದ್ದು 2014ರ ಗಣೇಶನ ಹಬ್ಬದಲ್ಲಿ. ಆ ವರ್ಷ ‘ರಾಶಿ’ ಎಂಬ ದರ್ಜೆಯ ಕೆಂಪಡಿಕೆ ಕ್ವಿಂಟಲಿಗೆ 80 ಸಾವಿರ ದಾಟಿತ್ತು. ತೀರ್ಥಹಳ್ಳಿ ಸೀಮೆಯ ನಮ್ಮಂಥವರೂ ಎರಡು ದಿನ ಶ್ರೀಮಂತರಾಗಿದ್ದೆವು. ಶಿಮ್ಲಾ ನೋಡಿಕೊಂಡು ಬಂದಿದ್ದ ನನ್ನ ಭಾವ, ಅಲ್ಲಿ 1920ರಿಂದಲೂ ಬಯಲಿಗೆ ನೀರು ಹಾಯಿಸಿ, ರಾತ್ರಿಯ ಚಳಿಗೆ ಹೆಪ್ಪುಗಟ್ಟಿಸಿ, ಬೆಳಿಗ್ಗೆ ಅದರ ಮೇಲೆ ಜಾರುತ್ತಾರೆಂದು ಚಪ್ಪರದಡಿಯಲ್ಲಿ ವರ್ಣಿಸಿದ. ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಪಾಚಿಗಟ್ಟುತ್ತದೆ. ಮಂಜುಗಡ್ಡೆ ಇಲ್ಲದಿದ್ದರೆ ಚಕ್ರದ ಮೇಲಾದರೂ ಮಕ್ಕಳು ಜಾರಲಿ ಎಂದಾಯಿತು. ಒಂದೇ ಸಂಜೆ ಆರು ಲಕ್ಷ ಚಿಲ್ಲರೆ ಬರೆಸಿದರು.

ಬರೆಸಿದ್ದು ಬಾಯಲ್ಲಿ. ವಸೂಲಿಗೆ ಹೊರಡುವ ಹೊತ್ತಿಗೆ ದರ ಜಾರತೊಡಗಿತ್ತು; 2015 ಮುಗಿಯುವಷ್ಟರಲ್ಲಿ ಅರ್ಧಕ್ಕಿಂತ ಕೆಳಗೆ ಬಿತ್ತು. ಮನೆಮನೆಗೂ ಹೋದೆ. ಎಲ್ಲ ಕಡೆ ಕಾಫಿ ಸಿಕ್ಕಿತು. ವರ್ಷವಿಡೀ ಅಲೆದು ಕೂಡಿದ್ದು 48 ಸಾವಿರ. ಬೈಕಿನ ಪೆಟ್ರೋಲು ನನ್ನದು. ಕೊನೆಗೊಬ್ಬ ಹಿರಿಯರು ಜಗಲಿಯಲ್ಲಿ ಕೂರಿಸಿಕೊಂಡು ಹೇಳಿದರು: “ತಮ್ಮಾ, ನಾನು ಹತ್ತು ಸಾವಿರ ಬರೆಸಿದಾಗ ಅದು ಹನ್ನೆರಡು ಕೆ.ಜಿ. ಅಡಿಕೆ. ಈಗ ಅದೇ ಹತ್ತು ಸಾವಿರಕ್ಕೆ ಮೂವತ್ತೈದು ಕೆ.ಜಿ. ತೂಗಬೇಕು. ನಾನು ಒಪ್ಪಿದ್ದು ಹನ್ನೆರಡಕ್ಕೆ ಮಾರಾಯಾ.”

ಮಾತು ನ್ಯಾಯವಾದದ್ದೇ. ಅಂದೇ ರಾತ್ರಿ ದೇಣಿಗೆಯ ಪಟ್ಟಿಯನ್ನೆಲ್ಲ ರೂಪಾಯಿಯಿಂದ ಕಿಲೋಗೆ ತಿರುಗಿಸಿದೆ, 2014ರ ದರ ಹಿಡಿದೇ. ಹಣ ಬೇಡ, ತೂಕ ಕೊಡಿ. ಕೊಯ್ಲಿನ ಕಾಲದಲ್ಲಿ ನಿಮ್ಮ ರಾಶಿಯಿಂದಲೇ ಎತ್ತಿ ಕೊಡಿ. ದರ ಬಂದಾಗ ಮಾರುವ ಜವಾಬ್ದಾರಿ ನನ್ನದು. “ಸಮಿತಿ ಮಾಡಿದ್ದು ಸ್ಕೇಟಿಂಗ್‌ಗೋ, ಅಡಿಕೆ ವ್ಯಾಪಾರಕ್ಕೋ?” ಎಂದು ಕೇಳಿದವರು ನಮ್ಮ ಅಧ್ಯಕ್ಷರೇ. ಕದ್ದರೆ ಯಾರು ಹೊಣೆ, ಅಡಿಕೆ ಮಾರುವ ಮಂಡಿಯಲ್ಲಿ ಯಾರ ಖಾತೆಗೆ ಬರೆಸುತ್ತೀರಿ ಎಂದೆಲ್ಲ ಜಗ್ಗಾಡಿದರು. ಖಾತೆಯ ಪ್ರಶ್ನೆ ಮಾತ್ರ ಸರಿಯಾದದ್ದು. ಒಬ್ಬ ಸದಸ್ಯರ ಖಾತೆಯಲ್ಲಿ ಮಾರುವುದೆಂದು ಠರಾವು ಮಾಡಿ ಎಲ್ಲರ ಸಹಿ ಹಾಕಿಸಿದೆ. ಇದನ್ನು ಮಾಡದೆ ಮುಂದೆ ಹೋಗಬೇಡಿ, ಆಮೇಲೆ ಮುಖ ನೋಡಿಕೊಳ್ಳಲಾಗುವುದಿಲ್ಲ.

ಮೊದಲ ಕೊಯ್ಲಿನಲ್ಲಿ ಬಂದದ್ದು ಎರಡು ಕ್ವಿಂಟಲ್ ಮೂವತ್ತು ಕೆ.ಜಿ. ಇರಬೇಕು. ಒಂದು ಖಾಲಿ ಕಟ್ಟಡದಲ್ಲಿ ಇಟ್ಟೆವು. ಆಷಾಢದ ಮಳೆ ಹಿಡಿದು ಬಾಗಿಲು ತೆರೆದಾಗ ಮೂಟೆಗಳ ಮೈಮೇಲೆ ಬಿಳಿ ಬೂಷ್ಟು. ಒರೆಸಿ, ಒಣಗಿಸಿ, ಸಿಕ್ಕಿದ ದರಕ್ಕೆ ಕೊಟ್ಟೆವು. 25 ಸಾವಿರದಷ್ಟು ನಷ್ಟವಾಯಿತು. ತಲೆ ತಗ್ಗಿಸಿ ಕುಳಿತಿದ್ದು ಆ ಸಭೆಯೊಂದರಲ್ಲೇ. ಇನ್ನೊಂದು ತಪ್ಪು, ರಾಶಿಯ ಜೊತೆ ಕೀಳು ದರ್ಜೆಯ ಗೊರಬಲು ಬೆರೆಸಿ ಕೊಟ್ಟವರನ್ನು ದಾಕ್ಷಿಣ್ಯಕ್ಕೆ ಸುಮ್ಮನೆ ಬಿಟ್ಟಿದ್ದು. ಮಂಡಿಯವನಿಗೆ ದಾಕ್ಷಿಣ್ಯವಿಲ್ಲ, ಇಡೀ ಮೂಟೆಗೆ ಗೊರಬಲಿನ ದರ ಕಟ್ಟಿದ.

ಎರಡನೆಯ ವರ್ಷ ಅಡಿಕೆಯನ್ನು ನಾಲ್ಕು ಮನೆಗಳ ಅಟ್ಟಕ್ಕೆ ಹಂಚಿದೆ. ಬಚ್ಚಲೊಲೆಯ ಹೊಗೆ ಹಾಯುವ ಅಟ್ಟವೇ ಆಗಬೇಕು. ಮೂಟೆಯ ಅಡಿಗೆ ಏನು ಹಾಸಿದೆನೆಂಬುದು ನಮ್ಮ ಅಜ್ಜಿಯ ವಿದ್ಯೆ, ಅದು ಮನೆಯಲ್ಲೇ ಇರಲಿ. ಅಷ್ಟರಲ್ಲಿ 2016ರ ನವೆಂಬರಿನಲ್ಲಿ ನೋಟು ರದ್ದಾಯಿತು. ಬೇರೆ ಊರುಗಳಲ್ಲಿ ದೇವಸ್ಥಾನದ ಜೀರ್ಣೋದ್ಧಾರದ ಚಂದಾ ಕೂಡ ನಿಂತುಹೋದಾಗ ನಮ್ಮ ಅಟ್ಟಕ್ಕೆ ಮೂಟೆ ಏರುತ್ತಲೇ ಇತ್ತು. ನಕ್ಕಿದ್ದ ಒಂಬತ್ತರಲ್ಲಿ ನಾಲ್ವರು ಆಗಲೇ ಮೆತ್ತಗಾದರು.

ತೋಟವಿಲ್ಲದವರದ್ದೂ ಹೇಳಬೇಕು. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರ ಮೂರು ದಿನದ ಕೊಯ್ಲಿನ ಕೂಲಿ ಬಿಟ್ಟ. ಸುಲಿಯಲು ಬರುವ ಹೆಂಗಸರು ಒಂದು ರಾತ್ರಿ ಮೆಟ್ಟುಗತ್ತಿಯನ್ನು ಕಾಲಲ್ಲಿ ಮೆಟ್ಟಿ ಕುಳಿತು ಸುಲಿದದ್ದನ್ನೆಲ್ಲ ಅಂಗಳದ ಲೆಕ್ಕಕ್ಕೆ ಬರೆಸಿದರು. ಎಪ್ಪತ್ತು ಚಿಲ್ಲರೆ ಮನೆಯಿಂದ ಕೊನೆಗೆ ಹನ್ನೊಂದೂವರೆ ಕ್ವಿಂಟಲ್ ಆಯಿತು. 2017ರ ಮೇ ತಿಂಗಳಲ್ಲಿ, ಜಿಎಸ್‌ಟಿ ಬರುವ ಮೊದಲೇ, ಸರಾಸರಿ 38 ಸಾವಿರದಂತೆ ಕೊಟ್ಟೆ. ನಾಲ್ಕು ಲಕ್ಷ 37 ಸಾವಿರದ ಆಸುಪಾಸು.

ಅಂಗಳ 30 ಮೀಟರ್ ಉದ್ದ, 15 ಅಗಲ, ನಾಲ್ಕು ಅಂಗುಲ ಕಾಂಕ್ರೀಟು. ಸಿಮೆಂಟೇ 370 ಚೀಲ ನುಂಗಿತು. ಡಿಸೆಂಬರಿನಲ್ಲಿ ಶುರು ಮಾಡಿದೆವು. ಮೇಸ್ತ್ರಿ ಒಳ್ಳೆಯವನು, ಆದರೆ ಜೀವಮಾನವಿಡೀ ಅಡಿಕೆ ಒಣಗಿಸುವ ಅಂಗಳ ಮಾಡಿದವನು. ಯಾರೂ ಜಾರಬಾರದೆಂದು ಅಭ್ಯಾಸಬಲದಿಂದ ಪೊರಕೆ ಎಳೆದು ಗೆರೆ ಹಾಕಿಬಿಟ್ಟ. ಜಾರಲೆಂದೇ ಮಾಡುವ ಅಂಗಳವಪ್ಪಾ ಇದು! ಚಕ್ರ ಅದರ ಮೇಲೆ ಹಲ್ಲು ಕಡಿದಂತೆ ಸದ್ದು ಮಾಡಿತು. ಆ ಮೊದಲ ಪಟ್ಟಿಯನ್ನು ಒಡೆಸಿದ್ದಕ್ಕೆ 14 ಸಾವಿರ ದಂಡ. ಆಮೇಲೆ ಒಂದು ಬಿಟ್ಟು ಒಂದರಂತೆ ಪಟ್ಟಿ ಹಾಕಿಸಿ, ಉಕ್ಕಿನ ಕರಣೆಯಿಂದ ಎರಡು ಸಲ ತಿಕ್ಕಿಸಿ, ಮಣ್ಣಿನ ಬದು ಕಟ್ಟಿ 21 ದಿನ ನೀರು ನಿಲ್ಲಿಸಿದೆ. ಅಂಚುಗಳಿಗೆ ಅಡಿಕೆಯ ಖಾಲಿ ಗೋಣಿಚೀಲವನ್ನೇ ನೆನೆಸಿ ಹೊದಿಸಿದೆ. ಪಟ್ಟಿಗಳ ನಡುವಿನ ಸಂದಿನಲ್ಲಿ ಚಕ್ರ ಸಿಕ್ಕದಂತೆ ಏನು ತುಂಬಿದ್ದೇನೆ ಎಂಬುದನ್ನು ಬಂದು ನೋಡಿ ಕಂಡುಹಿಡಿದರೆ ಹಿಡಿಯಿರಿ.

ನೀರು ಬಸಿದ ದಿನ ನನಗೊಂದು ಹುಚ್ಚು ಹಿಡಿಯಿತು. ನಾವೆಲ್ಲ ಚಿಕ್ಕಂದಿನಲ್ಲಿ ಅಡಿಕೆ ಹಾಳೆಯ ಮೇಲೆ ಕುಳಿತು ಎಳೆಸಿಕೊಂಡವರೇ ಅಲ್ಲವೇ? ಹಾಳೆಯ ಬೆನ್ನಿಗೆ ಮೇಣ ಸವರಿದರೆ ಹೇಗಿರುತ್ತದೆ, ಕೊಬ್ಬರಿ ಎಣ್ಣೆಯಾದರೆ ಹೇಗೆ ಎಂದು ಒಂದು ವಾರ ಮಕ್ಕಳನ್ನು ಎಳೆದು ನೋಡಿದೆ. ಮೇಣವೇ ಮೇಲು, ಸುಮಾರು ಎರಡು ಪಟ್ಟು ದೂರ ಜಾರುತ್ತದೆ. ಎಣ್ಣೆಯ ಕಲೆ ಮಾತ್ರ ಮೂಲೆಯಲ್ಲಿ ಇನ್ನೂ ಹೋಗಿಲ್ಲ. ನನ್ನ ಹೆಂಡತಿ ಬಂದವರಿಗೆಲ್ಲ ತೋರಿಸುತ್ತಾಳೆ.

ಒಟ್ಟು ಖರ್ಚು ನಾಲ್ಕು ಲಕ್ಷ 90 ಸಾವಿರ ದಾಟಿತು. ವಸೂಲಾಗಿದ್ದ 48 ಸಾವಿರ ಸೇರಿಸಿಯೂ ಬಿದ್ದ ಚೂರುಪಾರು ಕೊರತೆಯನ್ನು ನಾನೇ ತುಂಬಿದೆ, ವಾಪಸು ಕೇಳಿಲ್ಲ. ಸ್ಥಾಪಕ ದಾನಿಗಳ ಫಲಕ ಬರೆಸುವಾಗ ಕಾಂಕ್ರೀಟಿಗಿಂತ ಹೆಚ್ಚು ಬೆವರು ಹರಿಯಿತು. ಐವತ್ತು ಕೆ.ಜಿ. ಕೊಟ್ಟವರು ಮೇಲೆ ಬರಬೇಕೆಂದರು. ಮೊದಲೇ ನಗದು ಕೊಟ್ಟವರು ತಾವು ಹಿರಿಯರೆಂದರು. ತೂಕವನ್ನೂ ಮೊತ್ತವನ್ನೂ ಬರೆಸದೆ, ಹೆಸರುಗಳನ್ನು ಅಕಾರಾದಿಯಾಗಿ ಹಾಕಿಸಿದೆ. ಸುಲಿದ ಹೆಂಗಸರ ಹನ್ನೆರಡು ಹೆಸರುಗಳೂ ಅದರಲ್ಲೇ ಇವೆ. ನಮ್ಮ ಅಧ್ಯಕ್ಷರ ಹೆಸರು ‘ವ’ದಿಂದ ಶುರುವಾಗುತ್ತದೆ, ಕಾಲಬುಡದಲ್ಲಿದೆ. ಅದು ಬೇಕೆಂದೇ ಮಾಡಿದ್ದಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳಕ್ಕೆ ಬೀಗ. ಅಕ್ಟೋಬರಿನಲ್ಲಿ ಬ್ಲೀಚಿಂಗ್ ಪುಡಿ ಹಾಕಿ ಪಾಚಿ ಉಜ್ಜುವುದೇ ಒಂದು ವಾರದ ಕೆಲಸ. ಚಾವಣಿ ಹಾಕಿಸಬೇಕು ಎಂದು ಈ ಸಲ ಅಧ್ಯಕ್ಷರೇ ಬಾಯಿಬಿಟ್ಟು ಮೂವತ್ತು ಕೆ.ಜಿ. ಬರೆಸಿದ್ದಾರೆ. ಅಟ್ಟದಲ್ಲಿ ಈಗ ಮೂರು ಕ್ವಿಂಟಲ್ ಇದೆ. ಯಾವ ತಿಂಗಳಲ್ಲಿ ಮಾರುತ್ತೇನೆಂದು ಮಾತ್ರ ಕೇಳಬೇಡಿ.