ಮಾಲೋಲೋಸ್‌ಗೆ ಹೋದರೆ ಮೊದಲು ಆ ಇಪ್ಪತ್ತು ಹೆಂಗಸರ ಮನೆಗೆ ಹೋಗಿ

ಫಿಲಿಪೀನ್ಸಿನ ಮನಿಲಾದಲ್ಲಿರುವ ನನ್ನ ಸ್ನೇಹಿತರು ಮಾಲೋಲೋಸ್‌ಗೆ ಹೋದರೆ ದೇಶದ ಮೊದಲ ರಿಪಬ್ಲಿಕ್ ಹುಟ್ಟಿದ ಬರಾಸೊವಾಯಿನ್ ಚರ್ಚಿನ ಮುಂದೆ ಫೋಟೊ ತೆಗೆಸಿಕೊಂಡು ಅರ್ಧ ಗಂಟೆಯಲ್ಲಿ ವಾಪಸ್ ಹೊರಡುತ್ತಾರೆ. ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ಅದೂ ಸೋಮವಾರ ಹೋಗಿದ್ದೆ, ಮ್ಯೂಸಿಯಂ ಬಾಗಿಲು ಹಾಕಿತ್ತು. ಆಮೇಲೆ ನಾಲ್ಕು ಸಲ ಹೋಗಿ ಬಂದಿದ್ದೇನೆ. ಈಗ ಯಾರು ಕೇಳಿದರೂ ಹೇಳುವುದು ಒಂದೇ: ಚರ್ಚಿನಿಂದ ಶುರು ಮಾಡಬೇಡಿ.

ಊರು ಮನಿಲಾದಿಂದ ಉತ್ತರಕ್ಕೆ ಸುಮಾರು 45 ಕಿಲೋಮೀಟರ್, ಬುಲಕಾನ್ ಪ್ರಾಂತ್ಯದ ರಾಜಧಾನಿ. ಮನಿಲಾ ಮಹಾನಗರದ ಕುಬಾವ್‌ನಿಂದ ಬಸ್ ಸಿಗುತ್ತದೆ. ಬೆಳಿಗ್ಗೆ ಬೇಗ ಹೊರಡಿ, ಬಿಸಿಲೇರಿದ ಮೇಲೆ ನಡೆಯೋದು ಕಷ್ಟ. ಊರೊಳಗೆ ಜೀಪ್ನಿ (ಉದ್ದನೆಯ ಜೀಪಿನಂಥ ಶೇರ್ ಗಾಡಿ) ಹತ್ತಿದರೆ ಚಿಲ್ಲರೆ ಕೈಯಲ್ಲಿರಲಿ. 'ಬಯಾದ್ ಪೋ' ಅಂತ ಪಕ್ಕದವರ ಕೈಗೆ ದುಡ್ಡು ಕೊಟ್ಟರೆ ಸಾಕು, ಅದು ಕೈಯಿಂದ ಕೈಗೆ ದಾಟಿ ಡ್ರೈವರ್ ಹತ್ತಿರ ಹೋಗುತ್ತದೆ. ಉಳಿದ ಚಿಲ್ಲರೆಯೂ ಹಾಗೇ ವಾಪಸ್ ಬರುತ್ತದೆ. ಇಳಿಯಬೇಕಾದಾಗ 'ಪಾರಾ ಪೋ' ಅನ್ನಿ. ಆ 'ಪೋ' ನಮ್ಮ 'ರೀ' ಇದ್ದ ಹಾಗೆ, ಬಿಡಬೇಡಿ.

ಮೊದಲು ಕಾಮಿಸ್ತಿಸುಹಾನ್ ಎಂಬ ಹಳೆಯ ಬೀದಿಗಳಿಗೆ ಹೋಗಿ. ಚೀನೀ ಮೂಲದ ಅನುಕೂಲಸ್ಥ ಮನೆತನಗಳು ಇದ್ದ ಜಾಗ ಇದು. ಅಲ್ಲಿ ಆಲ್ಬರ್ಟಾ ಉಯಿತಾಂಗ್‌ಕೊಯ್ ಅವರ ಮನೆ ಇದೆ. ಆಗ ದೇಶ ಸ್ಪೇನಿನ ಆಳ್ವಿಕೆಯಲ್ಲಿತ್ತು. 1888ರ ಡಿಸೆಂಬರ್ 12ರಂದು ಆಲ್ಬರ್ಟಾ ಅವರೂ ಸೇರಿ ಈ ಊರಿನ ಇಪ್ಪತ್ತು ಹೆಂಗಸರು ಸ್ಪ್ಯಾನಿಷ್ ಗವರ್ನರ್ ಜನರಲ್ ವೆಯ್ಲರ್‌ಗೆ ಒಂದು ಅರ್ಜಿ ಕೊಟ್ಟರು. ಕೇಳಿದ್ದು ಇಷ್ಟೇ: ಸ್ಪ್ಯಾನಿಷ್ ಕಲಿಯಲು ನಮಗೊಂದು ರಾತ್ರಿ ಶಾಲೆ ಬೇಕು. ಊರಿನ ಸ್ಪ್ಯಾನಿಷ್ ಪಾದ್ರಿ ಬೇಡ ಅಂದರು. ಹೆಂಗಸರು ಬಿಡಲಿಲ್ಲ, ಕೊನೆಗೆ ಅನುಮತಿ ಪಡೆದೇ ಪಡೆದರು. 1889ರ ಫೆಬ್ರವರಿಯಲ್ಲಿ ಫಿಲಿಪೀನ್ಸಿನ ರಾಷ್ಟ್ರವೀರ, ಲೇಖಕ ಹೊಸೆ ರಿಸಾಲ್ ಲಂಡನ್ನಿನಿಂದ ಇವರಿಗೆ ಉದ್ದದ ಕಾಗದ ಬರೆದರು, ಅದೂ ಇಲ್ಲಿಯ ತಗಾಲೊಗ್ ಭಾಷೆಯಲ್ಲಿ. ರಿಪಬ್ಲಿಕ್ ಹುಟ್ಟಿದ್ದು ಇದಾಗಿ ಹತ್ತು ವರ್ಷಕ್ಕೆ. ನನ್ನ ಮಟ್ಟಿಗೆ ಊರಿನ ಕಥೆ ಶುರುವಾಗುವುದೇ ಇಲ್ಲಿ.

ಬಾಗಿಲು ತೆರೆದಿರುತ್ತದಾ ಅಂತ ಮೊದಲೇ ವಿಚಾರಿಸಿಕೊಳ್ಳಿ. ಸುತ್ತಲಿನ ಹಳೆಯ ಮನೆಗಳಲ್ಲಿ ಕೆಲವದರಲ್ಲಿ ಜನ ವಾಸ ಇದ್ದಾರೆ, ಸುಮ್ನೆ ಒಳಗೆ ನುಗ್ಗಬಾರದು. ಹೊಸ್ತಿಲಾಚೆ ನಿಂತು 'ತಾವೊ ಪೋ' ಅಂತ ಕೂಗಿ, ಕಾಯಿರಿ.

ಆಮೇಲೆ ಬರಾಸೊವಾಯಿನ್. 1898ರ ಸೆಪ್ಟೆಂಬರ್ 15ಕ್ಕೆ ಇಲ್ಲಿ ಕಾಂಗ್ರೆಸ್, ಅಂದರೆ ದೇಶದ ಪ್ರತಿನಿಧಿಗಳ ಸಭೆ, ಸೇರಿತು. 1899ರ ಜನವರಿ 23ರಂದು ಕ್ರಾಂತಿಯ ನಾಯಕ ಎಮಿಲಿಯೊ ಅಗಿನಾಲ್ಡೊ ಅಧ್ಯಕ್ಷರಾಗಿ ಮೊದಲ ರಿಪಬ್ಲಿಕ್ ಘೋಷಣೆಯಾಯಿತು. ಒಳಗೆ ಹೋದ ಮೇಲೆ ಒಂದು ಬೆಂಚಿನ ಮೇಲೆ ಕೂತು ಈ ವಿಷಯ ನೆನೆಯಿರಿ. ಸಂವಿಧಾನ ಬರೆಯುವಾಗ ಕ್ಯಾಥೊಲಿಕ್ ಧರ್ಮವನ್ನು ರಾಷ್ಟ್ರಧರ್ಮ ಮಾಡಬೇಕಾ ಅನ್ನುವ ಪ್ರಶ್ನೆ ಬಂತು. ಮತ ಸಮಸಮ ಆಯಿತು. ಕೊನೆಗೆ ಒಂದೇ ಒಂದು ಮತದಿಂದ ಧರ್ಮ ಬೇರೆ, ಸರ್ಕಾರ ಬೇರೆ ಅಂತ ತೀರ್ಮಾನ. ಚರ್ಚಿನಲ್ಲಿ ಸೇರಿದ ಕಾಂಗ್ರೆಸ್ ಮಾಡಿದ ತೀರ್ಮಾನ ಇದು! ಇದು ಗೊತ್ತಾದ ದಿನ ನಾನು ಆ ಬೆಂಚಿನಿಂದ ಬಹಳ ಹೊತ್ತು ಏಳಲಿಲ್ಲ.

ಶನಿವಾರ ಇಲ್ಲಿ ಮದುವೆಗಳು ಜಾಸ್ತಿ. ಪೂಜೆಯೋ ಮದುವೆಯೋ ನಡೀತಿದ್ದರೆ ಪಕ್ಕದ ಮ್ಯೂಸಿಯಂ ನೋಡಿ ಬನ್ನಿ. ಸೋಮವಾರ ಮಾತ್ರ ಬೇಡ.

ಅಲ್ಲಿಂದ ಕೆಥೆಡ್ರಲ್‌ಗೆ ನಡೆದೇ ಹೋಗಬಹುದು. ಅಗಿನಾಲ್ಡೊ ಅವರ ಅಧ್ಯಕ್ಷ ಭವನ ಇದೇ ಕಟ್ಟಡದಲ್ಲಿತ್ತು. 1899ರ ಮಾರ್ಚ್ 31ರಂದು ಸ್ಪೇನಿನ ಬದಲು ದೇಶವನ್ನು ತಾನು ಆಳಲು ಬಂದ ಅಮೆರಿಕದ ಸೈನ್ಯ ಊರನ್ನು ಹಿಡಿಯಿತು. ಹಿಂದೆ ಸರಿಯುವಾಗ ಅಗಿನಾಲ್ಡೊ ಪಡೆಯೇ ಇದಕ್ಕೆ ಬೆಂಕಿ ಇಟ್ಟಿತ್ತು. ಘೋಷಣೆಯಾಗಿ ಆಗ ಎರಡು ತಿಂಗಳು ಚಿಲ್ಲರೆ ಅಷ್ಟೇ. ಈಗಿರುವುದು ಮತ್ತೆ ಕಟ್ಟಿದ್ದು. ಮುಂದಿರುವ ದೊಡ್ಡ ಮರಕ್ಕೆ ಕಲಾಯಾನ್ ಮರ ಅನ್ನುತ್ತಾರೆ, ಅಂದರೆ ಸ್ವಾತಂತ್ರ್ಯದ ಮರ. ಅಗಿನಾಲ್ಡೊ ನೆಟ್ಟಿದ್ದು ಅಂತ ಊರವರ ಮಾತು.

ಅದರ ಬುಡದಲ್ಲಿ ಕ್ರಾಂತಿಯ ಕಾಲದ ಮುಖಂಡರ ಪ್ರತಿಮೆಗಳಿವೆ. ಅವರಲ್ಲಿ ಒಬ್ಬ ಹೆಂಗಸೂ ಇದ್ದಾರೆ, ಬಸೀಲಿಯಾ ತಾಂತೊಕೊ. ಅರ್ಜಿಗೆ ಸಹಿ ಮಾಡಿದ ಇಪ್ಪತ್ತು ಜನರಲ್ಲಿ ಇವರೂ ಒಬ್ಬರು. ಬೆಳಿಗ್ಗೆ ಆ ಮನೆ ನೋಡಿ ಬಂದಿದ್ದರೆ ಅವರ ಗುರುತು ತಕ್ಷಣ ಸಿಗುತ್ತದೆ.