ಸಂಬಳದ ಚಿಲ್ಲರೆಯಿಂದ ಹದಿನಾಲ್ಕು ಆಹಾರದ ಕಿಟ್: ನನ್ನ ಅನುಭವ

ಶಿವಮೊಗ್ಗ–ಭದ್ರಾವತಿ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಫೌಂಡ್ರಿಯಲ್ಲಿ, ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ನಾನು ಹದಿನೆಂಟು ವರ್ಷಗಳಿಂದ ಸಿಬ್ಬಂದಿ ವಿಭಾಗವನ್ನು ನೋಡಿಕೊಳ್ಳುತ್ತಿದ್ದೇನೆ. ಕಾರ್ಮಿಕರಿಂದ ತಿಂಗಳು ತಿಂಗಳು ಹಣ ಕೂಡಿಸಿ ತಾಲ್ಲೂಕಿನ ಕ್ಷಯರೋಗಿಗಳಿಗೆ ಆಹಾರದ ಕಿಟ್ ಕೊಡೋಣವೆಂದು ಹೇಳಿದಾಗ ನಮ್ಮ ಲೆಕ್ಕಪತ್ರ ವಿಭಾಗದ ಮುಖ್ಯಸ್ಥರು, "ಇದು ಮೂರು ತಿಂಗಳು ನಡೆದರೆ ನಾನು ಮೀಸೆ ಬೋಳಿಸುತ್ತೇನೆ" ಎಂದಿದ್ದರು. ಈಗ ಇಪ್ಪತ್ತಾರನೆಯ ತಿಂಗಳು ನಡೆಯುತ್ತಿದೆ. ಮೀಸೆ ಮಾತ್ರ ಹಾಗೆಯೇ ಇದೆ.

ಮೊದಲು ಸೋತದ್ದನ್ನು ಹೇಳುತ್ತೇನೆ. 2022ರ ಆಯುಧಪೂಜೆಯ ದಿನ ಕ್ಯಾಂಟೀನಿನ ಬಾಗಿಲಲ್ಲಿ ಹುಂಡಿ ಇಟ್ಟೆವು. ಮೊದಲ ತಿಂಗಳು ಸುಮಾರು 3,400 ರೂಪಾಯಿ ಬಂತು, ಎರಡನೆಯ ತಿಂಗಳು ಆರು ನೂರು, ಮೂರನೆಯ ತಿಂಗಳು ತೆರೆದಾಗ ನೂರರ ಒಂದು ನೋಟು, ಒಂದಿಷ್ಟು ನಾಣ್ಯ ಮತ್ತು ಅಂಗಿಯ ಎರಡು ಗುಂಡಿ ಸಿಕ್ಕವು. ಆಮೇಲೆ ವರ್ಷಕ್ಕೊಮ್ಮೆ ಒಂದು ದಿನದ ಸಂಬಳ ಕೊಡಿ ಎಂದು ಸುತ್ತೋಲೆ ಹೊರಡಿಸಿದೆ. ಅದು ನನ್ನ ದೊಡ್ಡ ತಪ್ಪು. ದಾನವೆಂದು ಕೇಳಿದ್ದನ್ನು ಜನ ದಂಡವೆಂದು ಓದಿಕೊಂಡರು. ಯೂನಿಯನ್ನಿನವರು ನನ್ನ ಮೇಜಿನ ಮುಂದೆ ನಿಂತು, ವರ್ಷಕ್ಕೊಮ್ಮೆ ಕಾರ್ಮಿಕ ಕಲ್ಯಾಣ ನಿಧಿಗೆ ಹಿಡಿಯುವ ಇಪ್ಪತ್ತು ರೂಪಾಯಿಗೇ ಉತ್ತರ ಕೊಡಲಾಗದೆ ಒದ್ದಾಡುವ ನೀವು ಒಂದು ದಿನದ ಕೂಲಿ ಕೇಳುತ್ತೀರಾ ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು.

ದಾರಿ ಸಿಕ್ಕಿದ್ದು ಸಂಬಳದ ಚೀಟಿಯಲ್ಲಿಯೇ. ಕೈಗೆ ಬರುವ ಮೊತ್ತ 17,438 ಎಂದಿದ್ದರೆ 17,400 ಕೊಟ್ಟು, ಉಳಿದ 38 ರೂಪಾಯಿಯನ್ನು ನಮ್ಮ ಆಹಾರದ ಕಿಟ್ಟಿನ ನಿಧಿಗೆ ಹಾಕುವುದು, ಅಂದರೆ ಐವತ್ತರ ಲೆಕ್ಕಕ್ಕೆ ಕೆಳಗೆ ಇಳಿಸುವುದು. ಯಾರಿಗೂ ತಿಂಗಳಿಗೆ 49ಕ್ಕಿಂತ ಹೆಚ್ಚು ಹೋಗದು, ಸರಾಸರಿ ಇಪ್ಪತ್ತೈದು. ಆದರೆ ಆಗ ಜಾರಿಯಲ್ಲಿದ್ದ 1936ರ ವೇತನ ಪಾವತಿ ಕಾಯ್ದೆಯ 7ನೇ ಕಲಮಿನ ಪಟ್ಟಿಯಲ್ಲಿ ಇಲ್ಲದ ಕಡಿತವನ್ನು ಕಾರ್ಮಿಕ ಒಪ್ಪಿ ಬರೆದುಕೊಟ್ಟರೂ ಮಾಡುವಂತಿರಲಿಲ್ಲ. ಇಲ್ಲಿ ಕೈಹಿಡಿದದ್ದು ನಮ್ಮ ಹಳೆಯ ನೌಕರರ ಪತ್ತಿನ ಸಹಕಾರ ಸಂಘ. ಸಹಕಾರ ಸಂಘಕ್ಕೆ ಸಲ್ಲುವ ಕಡಿತ ಆ ಪಟ್ಟಿಯಲ್ಲಿಯೇ ಇರುವುದರಿಂದ, ಚಿಲ್ಲರೆಯು ಸದಸ್ಯನ ಉಳಿತಾಯವಾಗಿ ಸಂಘಕ್ಕೆ ಹೋಗುತ್ತದೆ; ಅಲ್ಲಿಂದ ಸದಸ್ಯನ ಪ್ರತ್ಯೇಕ ಅರ್ಜಿಯ ಮೇಲೆ ನಿಧಿಯ ಖಾತೆಗೆ ಬರುತ್ತದೆ. ಯಾವ ತಿಂಗಳು ಬೇಕಾದರೂ ಅರ್ಜಿ ಹಿಂಪಡೆಯಬಹುದು. ಆ ಅರ್ಜಿಯ ಒಕ್ಕಣೆಗಾಗಿ ನಾನು ನಾಲ್ಕು ಸಲ ವಕೀಲರ ಮನೆಗೆ ಅಲೆದಿದ್ದೇನೆ, ಆದ್ದರಿಂದ ಅದನ್ನು ಇಲ್ಲಿ ಕೊಡುವುದಿಲ್ಲ. ಒಂದು ಎಚ್ಚರಿಕೆ ಮಾತ್ರ: ಸಂಘದ ಸಾಲದ ಕಂತಿನಿಂದಲೇ ಕಡಿತವು ಕಾನೂನಿನ ಮಿತಿಯ (ಆಗ ಸಂಬಳದ ಶೇ. 75, 2025ರ ನವೆಂಬರಿನಿಂದ ಶೇ. 50) ಹತ್ತಿರ ಬಂದಿರುವವರನ್ನು ಸೇರಿಸಿಕೊಳ್ಳಬೇಡಿ. ನಮ್ಮಲ್ಲಿ ಅಂಥವರು ಏಳೆಂಟು ಜನ ಇದ್ದರು.

ಕಾಯಂ ನೌಕರರು ನೂರಾ ಎಂಬತ್ತರ ಮೇಲೆ. ಮೊದಲ ತಿಂಗಳು ಸೇರಿದವರು ನೂರಿಪ್ಪತ್ತರಷ್ಟು. ಮೂರು ಸಾವಿರ ಕೂಡಿತು. ಅಷ್ಟೇ ಮೊತ್ತವನ್ನು ಕಂಪನಿಯೂ ಹಾಕಬೇಕೆಂದು ಮಾಲೀಕರನ್ನು ಕೇಳಿದೆ. ನಮ್ಮ ನಿವ್ವಳ ಲಾಭ ಐದು ಕೋಟಿ ಮುಟ್ಟುವುದಿಲ್ಲವಾದ್ದರಿಂದ ಸಿಎಸ್‌ಆರ್ (ಲಾಭದ ಒಂದು ಪಾಲನ್ನು ಕಂಪನಿ ಸಮಾಜಕ್ಕಾಗಿ ಖರ್ಚು ಮಾಡುವ ಹೊಣೆ) ಕಡ್ಡಾಯವೆಂದು ಹೆದರಿಸುವ ಹಾಗೂ ಇರಲಿಲ್ಲ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡಿನಲ್ಲಿ ಅಧ್ಯಯನ ನಡೆಸಿ, ರೋಗಿಯ ಮನೆಯವರಿಗೂ ಪೌಷ್ಟಿಕ ಆಹಾರ ಕೊಟ್ಟಾಗ ಅವರಿಗೆ ಕ್ಷಯ ತಗಲುವುದು ಶೇ. 39ರಷ್ಟು ಕಡಿಮೆಯಾಯಿತೆಂದು 2023ರಲ್ಲಿ ಪ್ರಕಟಿಸಿದ್ದರು. ಅದನ್ನು ಒಂದೇ ಪುಟಕ್ಕೆ ಇಳಿಸಿ, ಮರಳಿನ ಧೂಳು ಕುಡಿಯುವ ನಮ್ಮ ಮೋಲ್ಡಿಂಗ್ (ಅಚ್ಚು ಮಾಡುವ) ಮತ್ತು ಫೆಟ್ಲಿಂಗ್ (ಎರಕವನ್ನು ಉಜ್ಜಿ ಸ್ವಚ್ಛ ಮಾಡುವ) ವಿಭಾಗದವರಿಗೇ ಈ ಕಾಯಿಲೆಯ ಅಪಾಯ ಹೆಚ್ಚು ಎಂದು ಕೊನೆಯಲ್ಲಿ ಒಂದು ಸಾಲು ಸೇರಿಸಿದೆ. ಮಾಲೀಕರು ಆ ಸಾಲಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಗಲಿ ಎಂದರು.

ದಾನಿಗಳು ಕ್ಷಯರೋಗಿಗಳ ಆಹಾರದ ಹೊಣೆ ಹೊರುವ ಸರ್ಕಾರದ ನಿಕ್ಷಯ್ ಮಿತ್ರ ಯೋಜನೆಯಲ್ಲಿ ಕಂಪನಿಯ ಹೆಸರು ನೋಂದಾಯಿಸಿ, ಒಪ್ಪಿಗೆ ಕೊಟ್ಟ ಎಂಟು ರೋಗಿಗಳನ್ನು ಆರು ತಿಂಗಳಿಗೆ ತೆಗೆದುಕೊಂಡೆವು. ಯೋಜನೆಯಲ್ಲಿ ವಯಸ್ಕರಿಗೆ ತಿಂಗಳಿಗೆ ಹೇಳಿರುವುದು ಮೂರು ಕಿಲೋ ಧಾನ್ಯ, ಒಂದೂವರೆ ಕಿಲೋ ಬೇಳೆ, ಕಾಲು ಕಿಲೋ ಎಣ್ಣೆ, ಒಂದು ಕಿಲೋ ಹಾಲಿನ ಪುಡಿ ಅಥವಾ ಶೇಂಗಾ, ಸಾಧ್ಯವಾದರೆ ಮೂವತ್ತು ಮೊಟ್ಟೆ. ಹಾಲಿನ ಪುಡಿ ನಮ್ಮ ಲೆಕ್ಕಕ್ಕೆ ಎಟುಕಲಿಲ್ಲ. ಶೇಂಗಾ ಹಾಕಿದರೆ ಕಿಟ್ಟಿಗೆ ಏಳು ನೂರರ ಆಸುಪಾಸು. ಪಡಿತರದ ಅಕ್ಕಿ ಮನೆಯಲ್ಲಿ ಹೇಗೂ ಇರುತ್ತದೆಂದು ರಾಗಿ ಹಿಟ್ಟು ಕೊಟ್ಟು ನೋಡಿದೆ, ಆಷಾಢದ ಮಳೆಗೆ ಎರಡೇ ವಾರದಲ್ಲಿ ಹುಳು ಬಿತ್ತು. ಈಗ ಇಡೀ ರಾಗಿ ಕೊಡುತ್ತೇವೆ. ಮೊಟ್ಟೆಯ ಕಥೆ ಇನ್ನೂ ಕೆಟ್ಟದ್ದು. ಮೊದಲ ಸಲ ಎಂಟು ಟ್ರೇಗಳನ್ನು ಓಮ್ನಿಯಲ್ಲಿ ಹಾಕಿಕೊಂಡು ಹೊರಟು, ಹಳ್ಳದ ರಸ್ತೆ ಮುಗಿಯುವಷ್ಟರಲ್ಲಿ ಎರಡು ಟ್ರೇ ಸೋರಿ, ವಾರವಿಡೀ ವ್ಯಾನು ನಾರುತ್ತಿತ್ತು. ಈಗ ರೋಗಿಯ ಊರಿನ ಅಂಗಡಿಯಲ್ಲಿಯೇ ವಾರಕ್ಕೆ ಏಳೆಂಟರಂತೆ ಮೊಟ್ಟೆ ಕೊಡಿಸುವ ಏರ್ಪಾಡಿದೆ. ದಿನಸಿ ವ್ಯಾಪಾರಿಯಿಂದ ಸಗಟು ದರ ಹೇಗೆ ಗಿಟ್ಟಿಸಿದೆ ಎಂಬುದು ನಮ್ಮಿಬ್ಬರ ನಡುವಿನ ವ್ಯವಹಾರ.

ಹಣ ಹೋದದ್ದಕ್ಕಿಂತ ಬೇರೊಂದು ತಪ್ಪು ನನ್ನನ್ನು ಹೆಚ್ಚು ಕಾಡಿತು. ಮೊದಲ ಚೀಲಗಳ ಮೇಲೆ ಕಂಪನಿಯ ಹೆಸರಿನ ಕೆಳಗೆ "ಕ್ಷಯರೋಗಿಗಳ ನೆರವಿಗಾಗಿ" ಎಂದು ದಪ್ಪಕ್ಷರದಲ್ಲಿ ಮುದ್ರಿಸಿದ್ದೆ. ಒಬ್ಬ ಹೆಣ್ಣುಮಗಳು ಚೀಲವನ್ನು ನೋಡಿದವಳೇ ಬಾಗಿಲನ್ನು ಅರ್ಧ ಮುಚ್ಚಿ, "ಅಣ್ಣಾ, ಇದನ್ನ ತಗೊಂಡ್ ಹೋಗ್ಬಿಡಿ, ಮಗಳಿಗೆ ಗಂಡು ನೋಡ್ತಾ ಇದೀವಿ" ಎಂದು ಪಿಸುಗುಟ್ಟಿದಳು. ಜೊತೆಗಿದ್ದ ಆಶಾ ಕಾರ್ಯಕರ್ತೆ ನನ್ನ ಮುಖವನ್ನೂ ನೋಡಲಿಲ್ಲ. ಅಂದಿನಿಂದ ಅಕ್ಷರವಿಲ್ಲದ ಬಿಳಿ ಚೀಲ. ಬೇಕಾದವರು ಆಸ್ಪತ್ರೆಗೆ ಮಾತ್ರೆಗೆ ಬಂದಾಗ ಅಲ್ಲಿಯೇ ಒಯ್ಯುತ್ತಾರೆ. ಫೋಟೋ ಇಲ್ಲ. ಫೋಟೋ ಇಲ್ಲದ್ದಕ್ಕೆ ಮಾಲೀಕರು ಎರಡು ತಿಂಗಳು ಮುನಿಸಿಕೊಂಡಿದ್ದರು, ಹಣ ಮಾತ್ರ ನಿಲ್ಲಿಸಲಿಲ್ಲ. ಆದಾಯ ತೆರಿಗೆಯಲ್ಲಿ ದಾನದ ರಿಯಾಯಿತಿಗೆ ಬೇಕಾದ 80ಜಿ ರಸೀದಿ ಕೇಳಿದ ಇಬ್ಬರು ಅಧಿಕಾರಿಗಳಿಗೆ, ವಸ್ತುರೂಪದ ದಾನಕ್ಕೂ ಹೊಸ ತೆರಿಗೆ ಪದ್ಧತಿಯವರಿಗೂ ಅದು ಸಿಗದೆಂದು ಹೇಳಿ ಮುಗಿಸಿದೆ.

2024ರ ನವೆಂಬರಿನಿಂದ ಸರ್ಕಾರವು ರೋಗಿಯ ಖಾತೆಗೆ ಹಾಕುವ ಪೋಷಣೆಯ ಹಣವನ್ನು ತಿಂಗಳಿಗೆ ಐದು ನೂರರಿಂದ ಸಾವಿರಕ್ಕೆ ಏರಿಸಿದಾಗ, ಇನ್ನು ನಮ್ಮದೇಕೆ ಎಂದು ಹದಿನೈದು ಜನ ಅರ್ಜಿ ಹಿಂಪಡೆದರು. ಅದೇ ಹೊತ್ತಿಗೆ ಫೆಟ್ಲಿಂಗಿನ ನಮ್ಮವನೊಬ್ಬನಿಗೆ ಕಫ ಪರೀಕ್ಷೆಯಲ್ಲಿ ಕ್ಷಯ ಕಂಡುಬಂತು. ಅದನ್ನು ಅವನೇ ಊಟದ ಹೊತ್ತಿನಲ್ಲಿ ಎಲ್ಲರೆದುರು ಹೇಳಿದ. ನಾನು ಯಾರಿಗೂ ಬಾಯಿಬಿಟ್ಟಿರಲಿಲ್ಲ. ಮುಂದಿನ ತಿಂಗಳು ಬಿಟ್ಟುಹೋದವರಲ್ಲಿ ಹನ್ನೊಂದು ಜನ ಮರಳಿದರು, ಚಿಲ್ಲರೆಯ ಬದಲು ಖಾಯಂ ಐವತ್ತು ಹಿಡಿಯಿರಿ ಎಂದು ಬಹಳ ಜನ ಬರೆದುಕೊಟ್ಟರು. ಈಗ ನೌಕರರದು ಐದು ಸಾವಿರ, ಕಂಪನಿಯದು ಐದು ಸಾವಿರ, ಕಿಟ್ ಹದಿನಾಲ್ಕು. ಗುತ್ತಿಗೆ ಕಾರ್ಮಿಕರು ಸಂಘದ ಸದಸ್ಯರಾಗಲು ಬರುವುದಿಲ್ಲವಾದ್ದರಿಂದ ಅವರನ್ನು ಹೇಗೆ ಸೇರಿಸುವುದೆಂದು ತಿಳಿಯದೆ ಕೈಬಿಟ್ಟಿದ್ದೆ. ಕಳೆದ ದೀಪಾವಳಿಯಿಂದ ಅವರೇ ಪ್ರತಿ ತಿಂಗಳು ಎರಡು ಟ್ರೇ ಮೊಟ್ಟೆಯ ದುಡ್ಡನ್ನು ಗೇಟಿನ ಕಾವಲುಗಾರನ ಕೈಯಲ್ಲಿ ಕೊಟ್ಟು ಹೋಗುತ್ತಿದ್ದಾರೆ.