ಮೂರನೇ ಸಿಲಿಂಡರ್ ಡೀಸೆಲ್ ಜಾಸ್ತಿ ಕೇಳುತ್ತಿತ್ತು, ಇಂಜೆಕ್ಟರ್ ಸರಿಯಾಗಿಯೇ ಇತ್ತು

ಡೀಸೆಲ್ ಗಾಡಿಯ ಸ್ಕ್ಯಾನರಿನಲ್ಲಿ ಪಿ0269 ಎಂಬ ದೋಷದ ಕೋಡ್ ಬಂತೆಂದರೆ ಮೂರನೇ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಹೋಯಿತು ಎಂದು ತೀರ್ಮಾನಿಸುವವರೇ ಹೆಚ್ಚು. ಕೋಡ್ ಹೇಳುವುದು ಅದನ್ನಲ್ಲ. ಮೂರನೇ ಸಿಲಿಂಡರ್ ಉಳಿದವುಗಳ ಸಮಕ್ಕೆ ಕೆಲಸ ಮಾಡುತ್ತಿಲ್ಲ ಅನ್ನುತ್ತದೆ, ಅಷ್ಟೇ. ಯಾಕೆ ಅನ್ನುವುದನ್ನು ನಾವೇ ಹುಡುಕಬೇಕು.

ಒಳಗೆ ಎಷ್ಟು ಡೀಸೆಲ್ ಬಿತ್ತೆಂದು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಅಳೆಯುವುದಿಲ್ಲ. ಅದು ನೋಡುವುದು ಕ್ರ್ಯಾಂಕ್ ಶಾಫ್ಟ್ ತಿರುಗುವ ವೇಗ ಹೇಳುವ ಕ್ರ್ಯಾಂಕ್ ಸೆನ್ಸರನ್ನು. ನಾಲ್ಕು ಸಿಲಿಂಡರಿನ ಎಂಜಿನ್ 800 ಆರ್‌ಪಿಎಂ ಐಡಲಿಂಗ್‌ನಲ್ಲಿದ್ದರೆ ಸುಮಾರು 37 ಮಿಲಿಸೆಕೆಂಡಿಗೊಂದು ಫೈರಿಂಗ್. ಪ್ರತಿ ಸಲವೂ ಕ್ರ್ಯಾಂಕ್ ಚೂರು ಜೋರಾಗುತ್ತದೆ. ಯಾರ ಸರದಿಯಲ್ಲಿ ಆ ಜೋರು ಕಡಿಮೆಯೋ ಅವರಿಗೆ ಡೀಸೆಲ್ ಕೂಡಿಸುತ್ತದೆ, ಹೆಚ್ಚಿದ್ದವರಿಂದ ಕಳೆಯುತ್ತದೆ. ಸ್ಕ್ಯಾನರಿನಲ್ಲಿ ಕಾಣುವ ಬ್ಯಾಲೆನ್ಸ್ ರೇಟ್ ಅಂದರೆ ಈ ಕೂಡಿಸು-ಕಳೆಯುವ ಲೆಕ್ಕವೇ.

ನನ್ನ ಹತ್ತಿರ ಬಂದ ಕಾಮನ್ ರೈಲ್ (ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಭಾರೀ ಒತ್ತಡದಲ್ಲಿ ಡೀಸೆಲ್ ಕೊಡುವ) ಎಂಜಿನ್ ಐಡಲಿಂಗ್‌ನಲ್ಲಿ ನಡುಗುತ್ತಿತ್ತು. ಚೆನ್ನಾಗಿ ಬಿಸಿಯಾದ ಮೇಲೆ ರೀಡಿಂಗ್ ತೆಗೆದೆ. ಮೂರಕ್ಕೆ +3.8, ನಾಲ್ಕಕ್ಕೆ -1.6, ಎರಡಕ್ಕೆ -1.3, ಒಂದಕ್ಕೆ -0.9, ಎಲ್ಲವೂ ಸ್ಟ್ರೋಕಿಗೆ ಘನ ಮಿಲಿಮೀಟರ್ ಲೆಕ್ಕ. ಕೂಡಿದರೆ ಸೊನ್ನೆ. ಹಾಗಾಗಿ ಮೈನಸ್ ತೋರಿಸುವ ಮೂರು ಸಿಲಿಂಡರುಗಳ ಮೇಲೆ ಅನುಮಾನ ಪಡಬೇಕಿಲ್ಲ, ಒಂದು ಸೋತಿದ್ದಕ್ಕೆ ಉಳಿದವು ತಗ್ಗಿವೆ. ನಾಲ್ಕನೆಯದರ ಮೈನಸ್ ಎಲ್ಲಕ್ಕಿಂತ ದೊಡ್ಡದಾಗಿದ್ದೂ ಸಹಜ, 1-3-4-2 ಫೈರಿಂಗ್ ಆರ್ಡರಿನಲ್ಲಿ (ಸಿಲಿಂಡರುಗಳು ಉರಿಯುವ ಸರದಿಯಲ್ಲಿ) ಮೂರರ ಬೆನ್ನಿಗೆ ಬರುವುದು ಅದೇ. ಪ್ಲಸ್-ಮೈನಸ್ ಅರ್ಥ ಎಲ್ಲ ಕಂಪನಿಗಳಲ್ಲೂ ಒಂದೇ ಇರುವುದಿಲ್ಲ, ಆಯಾ ಎಂಜಿನ್ನಿನ ಮ್ಯಾನ್ಯುಯಲ್ ನೋಡಿಯೇ ಓದಬೇಕು.

ಇಲ್ಲಿಂದ ಮುಂದಕ್ಕೆ ನಾನು ಡೀಸೆಲ್ ಲೈನಿಗೆ ಸ್ಪ್ಯಾನರ್ ಹಾಕುವುದಿಲ್ಲ. ಹಳೆಯ ಪಂಪ್ ಎಂಜಿನ್‌ಗಳಲ್ಲಿ ಓಡುತ್ತಿರುವಾಗಲೇ ಪೈಪಿನ ನಟ್ ಸಡಿಲಿಸಿ ನೋಡುವ ಪದ್ಧತಿ ಇತ್ತು. ಕಾಮನ್ ರೈಲ್‌ನಲ್ಲಿ ಅದನ್ನು ದಯವಿಟ್ಟು ಯಾರೂ ಮಾಡಬೇಡಿ. ಆ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ, ಕೈಯನ್ನೇ ಕಳೆದುಕೊಳ್ಳಬೇಕಾದೀತು.

ಮೊದಲು ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಗಾಳಿಯನ್ನು ಎಷ್ಟು ಗಟ್ಟಿಯಾಗಿ ಒತ್ತುತ್ತದೆ ಅನ್ನುವುದು. ಎಂಜಿನ್ ಸ್ಟಾರ್ಟ್ ಆಗದಂತೆ ಇಂಜೆಕ್ಟರ್ ಕನೆಕ್ಟರುಗಳನ್ನು ಬಿಡಿಸಿ, ಬ್ಯಾಟರಿ ಕೇಬಲಿಗೆ ಕರೆಂಟ್ ಕ್ಲ್ಯಾಂಪ್ ಹಾಕಿ, ಸ್ಕೋಪ್‌ನಲ್ಲಿ (ಕರೆಂಟಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಯಂತ್ರದಲ್ಲಿ) ಸ್ಟಾರ್ಟರ್ ಎಂಜಿನ್ ತಿರುಗಿಸುವಾಗಿನ ಕರೆಂಟ್ ನೋಡಿದೆ. ಪ್ರತಿ ಸಿಲಿಂಡರ್ ಗಾಳಿ ಒತ್ತುವಾಗ ಸ್ಟಾರ್ಟರ್ ಹೆಚ್ಚು ಕರೆಂಟ್ ಎಳೆಯುತ್ತದೆ, ಗೆರೆ ಗುಡ್ಡದಂತೆ ಏಳುತ್ತದೆ. ನಾಲ್ಕರಲ್ಲಿ ಒಂದು ಗುಡ್ಡ ಎದ್ದು ಕಾಣುವಷ್ಟು ಕುಳ್ಳಗಿತ್ತು, ಅಂದರೆ ಆ ಸಿಲಿಂಡರಿನಲ್ಲಿ ಕಂಪ್ರೆಷನ್ ಕಡಿಮೆ. ಎರಡನೇ ಚಾನೆಲ್‌ನಲ್ಲಿ ಯಾವ ಸಿಲಿಂಡರಿನ ಸರದಿ ಎಂದು ಗುರುತಿಸಲು ಕ್ಯಾಮ್ ಸೆನ್ಸರ್ ಸಿಗ್ನಲ್ ಇದ್ದುದರಿಂದ ಅದು ಮೂರನೆಯದೇ ಎಂದು ಖಾತ್ರಿಯಾಯಿತು. ಒಂದು ಪೈಪನ್ನೂ ಬಿಚ್ಚದೆ ಇಷ್ಟು ತಿಳಿಯುತ್ತದೆ. ಈ ಪರೀಕ್ಷೆ ನನಗೆ ಅಷ್ಟು ಇಷ್ಟವಾಗುವುದು ಅದಕ್ಕೇ. ಗುಡ್ಡಗಳೆಲ್ಲ ಸಮ ಇದ್ದಿದ್ದರೆ ಆಗ ಇಂಜೆಕ್ಟರ್ ಅದಲುಬದಲು ಮಾಡಿ, ಹೊಸ ತಾಮ್ರದ ವಾಷರ್ ಹಾಕಿ, ಇಸಿಯುನಲ್ಲಿ ಇಂಜೆಕ್ಟರಿನ ಕೋಡಿಂಗ್ ಬದಲಿಸಿ, ದೋಷ ಜೊತೆಗೇ ಹೋಗುತ್ತದೆಯೇ ಎಂದು ನೋಡುತ್ತಿದ್ದೆ. ಇಂಜೆಕ್ಟರುಗಳಿಂದ ವಾಪಸ್ ಬರುವ ರಿಟರ್ನ್ ಡೀಸೆಲ್ ಕೂಡ ಮೊದಲೇ ಬಾಟಲಿಗಳಲ್ಲಿ ಹಿಡಿದು ನೋಡಿದ್ದೆ, ನಾಲ್ಕೂ ಹೆಚ್ಚುಕಡಿಮೆ ಒಂದೇ ಮಟ್ಟ, ಅಂದರೆ ಯಾವ ಇಂಜೆಕ್ಟರೂ ಅತಿಯಾಗಿ ಸೋರುತ್ತಿರಲಿಲ್ಲ.

ಮೂರನೇ ಪಿಸ್ಟನ್ನನ್ನು ಕಂಪ್ರೆಷನ್ನಿನ ಟಾಪ್ ಡೆಡ್ ಸೆಂಟರಿಗೆ (ವಾಲ್ವುಗಳೆಲ್ಲ ಮುಚ್ಚಿರುವ ತುತ್ತತುದಿಗೆ) ತಂದು, ಸಿಲಿಂಡರ್ ಬಿಸಿ ಮಾಡುವ ಗ್ಲೋ ಪ್ಲಗ್ ತೆಗೆದ ತೂತಿನಿಂದ ಗಾಳಿ ಬಿಟ್ಟೆ. ಆಯಿಲ್ ಮುಚ್ಚಳದಲ್ಲಿ ಸದ್ದು ಬಂದರೆ ರಿಂಗ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ಇಲ್ಲಿ ಸೈಲೆನ್ಸರಿನಲ್ಲಿ ಬುಸ್ ಎಂದಿತು. ಎಕ್ಸಾಸ್ಟ್ ವಾಲ್ವ್ ಪೂರ್ತಿ ಕೂರುತ್ತಿಲ್ಲ. ಕವರ್ ತೆಗೆದು ಎಂಜಿನ್ ತಣ್ಣಗಾದ ಮೇಲೆ ಸಂದು ಅಳೆಯುವ ಫೀಲರ್ ಗೇಜ್ ಹಿಡಿದರೆ, ವಾಲ್ವ್ ಒತ್ತುವ ಟ್ಯಾಪೆಟ್‌ನಲ್ಲಿ ಗೇಜಿನ ತೆಳ್ಳನೆಯ ಎಲೆಯೂ ತೂರಲಿಲ್ಲ.

ಆ ಸಂದನ್ನು (ಕ್ಲಿಯರೆನ್ಸ್) ಮ್ಯಾನ್ಯುಯಲ್ ಪ್ರಕಾರ ಕೂರಿಸಿ ಮತ್ತೆ ಗಾಳಿ ಬಿಟ್ಟೆ, ಬುಸುಗುಟ್ಟುವುದು ನಿಂತಿತು. ವಾಲ್ವ್ ಸುಟ್ಟಿರಲಿಲ್ಲ. ಬಿಸಿ ಮಾಡಿ ರೀಡಿಂಗ್ ತೆಗೆದಾಗ ಮೂರನೆಯದು +0.4ಕ್ಕೆ ಇಳಿದಿತ್ತು, ನಡುಕವೂ ಇರಲಿಲ್ಲ. ಸೀಟ್ ಸವೆದು ವಾಲ್ವ್ ಮೇಲೇರಿದ್ದರಿಂದಲೇ ಸಂದು ಮುಚ್ಚಿಹೋಗಿದ್ದು, ಸವೆತ ಮುಂದುವರಿಯಬಹುದು. ಆದ್ದರಿಂದ ಟ್ಯಾಪೆಟ್ ಸಂದನ್ನು ಮಾಮೂಲಿ ಅವಧಿಗಿಂತ ಬೇಗ ಮತ್ತೆ ನೋಡಿಸಿ, ಪುನಃ ಬಿಗಿದಿದ್ದರೆ ಹೆಡ್ ಇಳಿಸಬೇಕಾಗುತ್ತದೆ ಎಂದು ಗಾಡಿಯವರಿಗೆ ಹೇಳಿ ಕಳಿಸಿದೆ.